ಫಿಲ್ಮಿನ ಅಂಚಿನ ಬೆರಳುಗಳು

ಈಗಿನ ಎಕ್ಸ್‌ರೇ ಕೋಣೆಗಳಲ್ಲಿ ಕತ್ತಲೆಯೇ ಇಲ್ಲ. ಮೊನ್ನೆ ಮಂಡಿ ನೋವಿಗೆಂದು ಸಂಜಯನಗರದ ಒಂದು ಆಸ್ಪತ್ರೆಗೆ ಹೋಗಿದ್ದೆ. ಒಬ್ಬ ಹುಡುಗ ಗುಂಡಿ ಒತ್ತಿದ. ನಾನು ಮೇಜಿನಿಂದ ಇಳಿಯುವಷ್ಟರಲ್ಲಿ ನನ್ನ ಮೂಳೆ ಪರದೆಯ ಮೇಲೆ ಬಂದಿತ್ತು. "ನಾನೂ ಇದೇ ಕೆಲಸ ಮಾಡ್ತಿದ್ದೆ ಕಣಪ್ಪ" ಎಂದೆ. "ಹೌದಾ ಅಂಕಲ್? ಆಗೆಲ್ಲ ಹೆಂಗಿತ್ತು?" ಎಂದು ಕೇಳಿದ. ಹೊರಗೆ ಜನ ಕಾಯುತ್ತಿದ್ದರು. ಏನೋ ಒಂದು ಹೇಳಿ ಬಂದುಬಿಟ್ಟೆ. ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಹೆಬ್ಬಾಳದ ಕೆರೆಯ ಆಚೆಗಿನ ಹಳ್ಳಿ ನಮ್ಮದು; ರಾಗಿ, ಹುರುಳಿ ಬೆಳೆಯುವ ಮನೆ. ದೊಡ್ಡ ಆಸ್ಪತ್ರೆಗಳಲ್ಲಿ ಡಿಪ್ಲೊಮಾ ಮಾಡಿದವರು ಇರುತ್ತಿದ್ದರು. ಆದರೆ ಎಪ್ಪತ್ತರ ದಶಕದಲ್ಲಿ ಆರ್.ಟಿ. ನಗರದ ಕಡೆ ಹೊಸದಾಗಿ ಏಳುತ್ತಿದ್ದ ಚಿಕ್ಕ ನರ್ಸಿಂಗ್ ಹೋಮ್‌ಗಳಿಗೆ ನೋಡಿ ಕಲಿತವರೇ ಗತಿ. ನಾನು ಅಂಥ ಒಂದು ಕಡೆ ಪೀಟರ್ ಸಾರ್ ಎಂಬ ಹಳೆಯ ಟೆಕ್ನಿಷಿಯನ್ ಕೈಕೆಳಗೆ ಸೇರಿದೆ.

ಕೈಕೆಳಗೆ ಎಂದು ಬರೆದೆ. ಆ ಕೈಯಿಂದಲೇ ಶುರುಮಾಡಬೇಕು. ಪೀಟರ್ ಸಾರ್ ಅವರ ಬಲಗೈಯ ತೋರುಬೆರಳನ್ನು ಡಾಕ್ಟರು ಅರ್ಧಕ್ಕೆ ಕತ್ತರಿಸಿ ತೆಗೆದಿದ್ದರು. ಉಳಿದ ಬೆರಳುಗಳ ಚರ್ಮ ಒಣಗಿದ ಸೌದೆಯ ಸಿಪ್ಪೆಯಂತೆ ಬಿರುಕು ಬಿಟ್ಟಿತ್ತು. ಉಗುರುಗಳ ಮೇಲೆ ಉದ್ದಕ್ಕೂ ಕಪ್ಪು ಗೆರೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಬೆಳಗ್ಗೆ ಹೆಂಡತಿ ಹಾಕಿ ಕಳಿಸುತ್ತಿದ್ದರು, ಮಧ್ಯಾಹ್ನ ಬಿಚ್ಚಿಕೊಂಡರೆ ನಾನು ಹಾಕುತ್ತಿದ್ದೆ. ಹರೆಯದಲ್ಲಿ ಅವರು ದಿನವೂ ರೋಗಿಗಳನ್ನು ಕಿರಣದ ದಾರಿಯಲ್ಲಿ ತಮ್ಮ ಕೈಯಿಂದಲೇ ಹಿಡಿದು ನಿಲ್ಲಿಸಿ ಚಿತ್ರ ತೆಗೆದವರು.

"ಬೆಂಕಿ ಆದ್ರೆ ಸುಟ್ಟ ಕೂಡ್ಲೇ ಕೈ ಎಳ್ಕೊತೀಯ ಮಗಾ" ಎಂದು ಮೊದಲ ವಾರವೇ ಹೇಳಿದರು. "ಇದು ಸುಡೋದು ಗೊತ್ತಾಗಲ್ಲ. ಕಾಣಲ್ಲ, ವಾಸನೆ ಇಲ್ಲ, ನೋವಿಲ್ಲ. ಗೊತ್ತಾಗೋ ಹೊತ್ತಿಗೆ ನೀನು ನನ್ನ ಥರ ಮುದುಕ ಆಗಿರ್ತೀಯ. ಪೇಷೆಂಟನ್ನ ಯಾವತ್ತೂ ನೀನು ಹಿಡೀಬೇಡ."

"ಮತ್ತೆ ಸಣ್ಣ ಮಕ್ಕಳನ್ನ ಯಾರು ಹಿಡಿಯೋದು ಸಾರ್? ಅವು ಸುಮ್ನೆ ಇರಲ್ವಲ್ಲ."

"ಅಪ್ಪನೋ ಅಮ್ಮನೋ ಹಿಡೀತಾರೆ. ಅವರು ಜನ್ಮದಲ್ಲಿ ಒಂದು ಸಲ ಹಿಡೀತಾರೆ. ನೀನಾದ್ರೆ ದಿನಾ. ಅದೇ ವ್ಯತ್ಯಾಸ. ಒಬ್ಬರೇ ದಿನಾ ಹಿಡೀಬಾರ್ದು. ಇಷ್ಟು ನೆನಪಿಟ್ಕೊ, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ."

ಇನ್ನೊಂದು ಮಾತನ್ನೂ ಹೇಳಿದ್ದರು. ಕಿರಣ ತಡೆಯಲು ಹಾಕಿಕೊಳ್ಳುವ ಸೀಸದ ಏಪ್ರನ್ನನ್ನು ಮಡಚಬಾರದು, ಗೂಟಕ್ಕೆ ನೇತುಹಾಕಬೇಕು. ಮಡಚಿದರೆ ಒಳಗಿನ ಸೀಸ ಸೀಳುತ್ತದೆ, ಹೊರಗಿನ ಬಟ್ಟೆ ನೋಡಿದರೆ ತಿಳಿಯುವುದಿಲ್ಲ ಎಂದು. ಅವರು ಕೆಲಸ ಬಿಟ್ಟ ಮೇಲೆ ಆ ಕೋಣೆ ನನ್ನದಾಯಿತು. ಗೂಟ ಬಾಗಿಲ ಹಿಂದೆ ಇತ್ತು, ಕುರ್ಚಿ ಕೈಗೆ ಸಿಗುವಂತೆ ಇತ್ತು. ನಾನು ಏಪ್ರನ್ನನ್ನು ಕುರ್ಚಿಯ ಬೆನ್ನಿಗೆ ಎಸೆಯತೊಡಗಿದೆ.

ಕೆಲಸ ಚೆನ್ನಾಗಿಯೇ ಬಂತು. ಕೆಂಪು ದೀಪದ ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ಚಿತ್ರ ಮೂಡಿಸುವ ಡೆವಲಪರಿನಲ್ಲಿ ಅದ್ದಿ, ನೀರಲ್ಲಿ ಜಾಲಿಸಿ, ಚಿತ್ರ ನಿಲ್ಲಿಸುವ ಹೈಪೋದಲ್ಲಿ ಇಟ್ಟು, ಕ್ಲಿಪ್ಪಿಗೆ ಸಿಕ್ಕಿಸಿ ಒಣಹಾಕುವುದು. ಒಂದು ದಿನ ಯಲಹಂಕದ ಕಡೆಯ ಒಬ್ಬ ಗೌಡರು ಕಕ್ಕಸು ಎಂದುಕೊಂಡು ಆ ಕೋಣೆಯ ಬಾಗಿಲು ತೆಗೆದುಬಿಟ್ಟರು. ಬೆಳಗಿನಿಂದ ತೆಗೆದ, ಇನ್ನೂ ತೊಳೆಯದ ಫಿಲ್ಮುಗಳೆಲ್ಲ ಬೆಳಕು ಬಿದ್ದು ಕಪ್ಪಾದವು. ಆ ಮೇಲೆ ಒಳಗಿನಿಂದ ಚಿಲಕ ಹಾಕಿಸಿದೆ. ಅದೇ ಗೌಡರು ಎದೆಯ ಚಿತ್ರ ತೆಗೆಸಿಕೊಂಡು ಅಂಗಿ ಹಾಕಿಕೊಳ್ಳುತ್ತಾ, "ಇನ್ನೊಂದು ಒಡುದ್ಬುಡಿ ಸಾಮಿ, ಈಗ್ಲೇ ಎದೆ ಅಗುರಾಯ್ತು" ಎಂದರು. ಎಕ್ಸ್‌ರೇ ಎಂದರೆ ಔಷಧಿ ಎಂದೇ ಬಹಳ ಜನ ತಿಳಿದಿದ್ದರು. ಅವರ ನಂಬಿಕೆ ನೋಡಿ ನಾನು ನಗಲಾರದೆ ಹೋದೆ. ಯಾಕೆಂದರೆ ನನಗೆ ಆ ಯಂತ್ರದ ಭಯ ಹಿಡಿದಿತ್ತು.

ಭಯಕ್ಕೆ ಪೀಟರ್ ಸಾರ್ ಕೈ ಒಂದೇ ಕಾರಣವಲ್ಲ. ನನ್ನ ಹೆಂಡತಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಆದಾಗ ನಮ್ಮವ್ವ ಅಂಗಳದಲ್ಲಿ ಕೂತು ನನ್ನ ಮುಖ ನೋಡದೆ ಹೇಳಿದಳು: "ಆ ಕತ್ಲೆ ಕ್ವಾಣೆ ಕೆಲ್ಸ ಬುಟ್ಬುಡ್ಲಾ. ಕಾಣ್ದಿರೋ ಬೆಳ್ಕಂತೆ. ಅದೇ ತಿಂತಾ ಅದೆ ನಿನ್ ಮಕ್ಕಳ್ನ." ನರ್ಸಿಂಗ್ ಹೋಮ್ ಮಾಲೀಕರಾದ ಡಾಕ್ಟರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೀಗಾಗುವುದಕ್ಕೆ ನೂರು ಕಾರಣ ಎಂದು ಸಮಾಧಾನ ಹೇಳಿದರು. ಹೌದು ಎಂದು ತಲೆಯಾಡಿಸಿದೆ. ಆದರೆ ಸ್ವಿಚ್ಚು ಒತ್ತುವಾಗ ಗೋಡೆಗೆ ಒತ್ತಿಕೊಂಡು ನಿಲ್ಲತೊಡಗಿದೆ. ಮಗುವನ್ನು ಹಿಡಿಯುವವರು ಯಾರೂ ಇಲ್ಲದಿದ್ದರೆ ಮಷಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ ವಾಪಸು ಕಳಿಸಿದ್ದೂ ಉಂಟು.

ಹೀಗಿರುವಾಗ ಕಸ್ತೂರಿ ಬಂದಳು.

ಅವಳ ತಂದೆ ಗದಗಿನ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ಗಂಗಾನಗರದಲ್ಲಿ. ಅವಳ ತಮ್ಮ ಈರಣ್ಣನಿಗೆ ಬಿಡದ ಕೆಮ್ಮು. ತಾಯಿಯೇ ಅವನನ್ನು ಎತ್ತಿಕೊಂಡು ಬಂದಿದ್ದರು, ಜೊತೆಗೆ ಕಸ್ತೂರಿ. ತಾಯಿ ತುಂಬು ಬಸುರಿ. ನಾನು ಕೂಡಲೇ ಅವರನ್ನು ಆಚೆ ಕಳಿಸಿದೆ. ಬಸುರಿ ಹೆಂಗಸು ಆ ಕೋಣೆಯಲ್ಲಿ ಇರಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು: ಗೊತ್ತಿತ್ತು. ತಮ್ಮನನ್ನು ಹಿಡಿದುಕೊಳ್ಳಲೆಂದು ಕಸ್ತೂರಿಗೆ ಏಪ್ರನ್ ಹಾಕಿದೆ, ಅವಳ ಮೊಣಕಾಲ ಕೆಳಗೂ ಇಳಿಬಿತ್ತು. ಸೀಸದ ಕೈಗವುಸು ಕೊಟ್ಟೆ. ಅದು ದೊಡ್ಡವರ ಅಳತೆಯದು. ಹಾಕಿಕೊಂಡರೆ ಮಗುವಿನ ತೋಳು ಹಿಡಿತಕ್ಕೆ ಸಿಗದು. ತೆಗೆದಿಟ್ಟಳು.

"ಗಟ್ಟಿಯಾಗಿ ಹಿಡ್ಕೋಮ್ಮ. ಅಲ್ಲಾಡ್ಬಾರ್ದು" ಎಂದೆ.

ಚಿತ್ರ ಒಂದೇ ಸಲಕ್ಕೆ ಸರಿಯಾಗಿ ಬಂತು. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಅವಳು ಹತ್ತಿರ ಬಂದು ನಿಂತಳು. ತಮ್ಮನ ಪಕ್ಕೆಲುಬುಗಳ ಎರಡೂ ಕಡೆ, ಫಿಲ್ಮಿನ ಅಂಚಿನಲ್ಲಿ, ಸಣ್ಣ ಬೆರಳುಗಳ ಮೂಳೆಗಳು ಸಾಲಾಗಿ ಮೂಡಿದ್ದವು.

"ಸರ, ಇವು ನನ್ನ ಕೈಯೇನ್ರಿ?"

"ನಿನ್ನವೇ."

ಅವಳು ತನ್ನ ಕೈ ಎತ್ತಿ ಒಂದು ಸಲ, ಫಿಲ್ಮನ್ನು ಒಂದು ಸಲ ನೋಡಿದಳು. ಬೇರೆ ಮಕ್ಕಳಾಗಿದ್ದರೆ ಹೆದರುತ್ತಿದ್ದರು. ಅವಳು ನಕ್ಕಳು.

ಆ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಅದೇ ಯೂನಿಫಾರಂನಲ್ಲಿ ಬಂದು ಬಾಗಿಲಲ್ಲಿ ನಿಂತಳು. ಒಂಬತ್ತನೆಯ ತರಗತಿ. ವಯಸ್ಸಿಗಿಂತ ಚಿಕ್ಕವಳಾಗಿ ಕಾಣುವ, ಸಣಕಲು ಹುಡುಗಿ.

"ನಾನೂ ಈ ಕೆಲಸ ಕಲೀಬೇಕ್ರಿ ಸರ. ನೀವು ಕಲಿಸ್ರಿ."

"ಇದೆಲ್ಲ ಕಾಲೇಜು ಓದಿ ಕಲಿಯೋದಮ್ಮ."

"ನೀವು ಓದೀರೇನ್ರಿ?"

ಡಾಕ್ಟರು ಆ ಕಡೆಯಿಂದ ಹೋಗುತ್ತಿದ್ದವರು ನಿಂತು ಕೇಳಿ, "ಬರ್ಲಿ ಬಿಡ್ರೀ, ಇಂಟರೆಸ್ಟ್ ಇದೆ ಹುಡುಗಿಗೆ. ಸ್ಕೂಲ್ ಮಿಸ್ ಮಾಡ್ಕೋಬಾರ್ದು, ಅಷ್ಟೆ" ಎಂದರು. ಅವರಿಗೆ ಅದರಾಚೆ ಯೋಚಿಸಲು ಪುರಸೊತ್ತಿರಲಿಲ್ಲ. ಯೋಚಿಸಬೇಕಾದವನು ನಾನು.

ಕಲಿಸಿದೆ. ಅದನ್ನು ಸುಳ್ಳೆನ್ನಲಾರೆ. ಎದೆಗೆ ಎಷ್ಟು ಕಿರಣ ಬೇಕು, ಕೈಗೆ ಎಷ್ಟು, ದಪ್ಪ ಮೈಯವರಿಗೆ ಎಷ್ಟು ಹೆಚ್ಚಿಸಬೇಕು, ಡೆವಲಪರ್ ಹಳತಾದದ್ದನ್ನು ಬಣ್ಣ ನೋಡಿ ತಿಳಿಯುವುದು ಹೇಗೆ, ಫಿಲ್ಮಿಗೆ ಎಡ ಬಲದ ಗುರುತು ಹಾಕಲು ಮರೆತರೆ ಏನು ಅನಾಹುತ, ಎಲ್ಲವನ್ನೂ. ಅಷ್ಟು ಆಸೆಯಿಂದ ಕೇಳುವವರು ನನಗೆ ಮತ್ತೆ ಸಿಗಲಿಲ್ಲ. ಅವಳು ಬರುವ ದಿನ ಕೋಣೆಯನ್ನು ನಾನೇ ಗುಡಿಸಿಡುತ್ತಿದ್ದೆ.

ಆದರೆ ಕಲಿಸುವುದರ ಜೊತೆಗೆ ಇನ್ನೊಂದು ನಡೆಯಿತು. ಅಳುವ ಮಕ್ಕಳು ಅವಳ ಕೈಯಲ್ಲಿ ಸುಮ್ಮನಾಗುತ್ತಿದ್ದವು. "ಅಳಬ್ಯಾಡ ನನ ರಾಜಾ, ಅಕಾ ಅಲ್ಲಿ ಗುಬ್ಬಿ ಬಂತು ನೋಡು" ಎನ್ನುವಳು. ಮಗು ಗುಬ್ಬಿ ಹುಡುಕುವಷ್ಟರಲ್ಲಿ ನಾನು ಸ್ವಿಚ್ಚು ಒತ್ತಿರುತ್ತಿದ್ದೆ. ಮೊದಮೊದಲು ಅಪ್ಪ ಅಮ್ಮ ಇಲ್ಲದ ಮಗುವಿಗೆ ಮಾತ್ರ ಅವಳನ್ನು ಕರೆದೆ. ಆಮೇಲೆ ಅಪ್ಪ ಅಮ್ಮ ಇದ್ದರೂ ಕರೆದೆ, ಯಾಕೆಂದರೆ ಅವರು ಅಲುಗಾಡಿಸಿ ಫಿಲ್ಮು ಕೆಡಿಸುತ್ತಿದ್ದರು. ದೂರದ ಮಕ್ಕಳನ್ನು ಅವಳು ಬರುವ ಶನಿವಾರಕ್ಕೇ ಬರಹೇಳಿದೆ. "ಹಿಡ್ಕೊಳ್ಳಲೇನ್ರಿ ಸರ?" ಎಂದು ಕೇಳುತ್ತಿದ್ದವಳು ಸ್ವಲ್ಪ ದಿನದಲ್ಲಿ ಕೇಳುವುದನ್ನೇ ಬಿಟ್ಟು ತಾನಾಗಿ ಏಪ್ರನ್ ಹಾಕಿಕೊಳ್ಳತೊಡಗಿದಳು. ಒಬ್ಬರೇ ದಿನಾ ಹಿಡಿಯಬಾರದು ಎಂಬ ಮಾತು ನನಗೆ ಪ್ರತಿ ಸಲವೂ ನೆನಪಾಗುತ್ತಿತ್ತು. ಇವಳು ದಿನಾ ಬರುವುದಿಲ್ಲವಲ್ಲ, ವಾರಕ್ಕೆ ಒಂದೆರಡು ಸಲ ತಾನೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಕುರ್ಚಿಯ ಮೇಲೆ ಮಡಚಿ ಬಿದ್ದಿದ್ದ ಏಪ್ರನ್ ನೋಡಿ ಪೀಟರ್ ಸಾರ್ ಹೇಳಿದ್ದ ಮಾತು ನೆನಪಾಯಿತು. ಅದನ್ನು ಮೇಜಿನ ಮೇಲೆ ಹರಡಿ, ಕೆಳಗೆ ಫಿಲ್ಮಿಟ್ಟು, ಅದಕ್ಕೇ ಒಂದು ಎಕ್ಸ್‌ರೇ ತೆಗೆದೆ. ಅಷ್ಟರಲ್ಲಿ ಕಸ್ತೂರಿ ಬಂದು ಎಂದಿನಂತೆ ಫಿಲ್ಮು ತೊಳೆಯಲು ಒಯ್ದಳು. ಹೊರಗೆ ತಂದು ಹಿಡಿದಳು.

"ಇದು ಏನ್ರಿ ಸರ, ಹಳ್ಳದ ಹಂಗ ಗೆರಿ?"

ಸೀಸ ಕಿರಣ ತಡೆದು ಬೆಳ್ಳಗೆ ಬರಬೇಕಾದ ಫಿಲ್ಮಿನ ನಡುವೆ ಕಪ್ಪು ಗೆರೆಗಳು ಅಡ್ಡಡ್ಡ ಹರಿದಿದ್ದವು. ಕುರ್ಚಿಯ ಬೆನ್ನಿಗೆ ಮಡಚಿ ಬೀಳುತ್ತಿದ್ದ ಜಾಗ. ಹಾಕಿಕೊಂಡವರ ಕೆಳಹೊಟ್ಟೆಗೆ ಬರುವ ಜಾಗ.

"ಹಾಳಾದ ಫಿಲ್ಮು. ಬಿಸಾಕು" ಎಂದೆ.

ಡಾಕ್ಟರಿಗೆ ಹೇಳಿದ್ದರೆ ಹೊಸದು ತರಿಸುತ್ತಿದ್ದರು. ಹೇಗೆ ಸೀಳಿತು ಎಂದೂ ಕೇಳುತ್ತಿದ್ದರು. ನಾನು ಮಡಚಿ ಎಸೆದದ್ದು ಎಂದು ಹೇಳಬೇಕಾಗುತ್ತಿತ್ತು. ಆ ಭಯಕ್ಕೆ ಏಪ್ರನ್ನನ್ನು ಗೂಟಕ್ಕೆ ನೇತುಹಾಕಿದೆ, ಇನ್ನು ಮುಂದೆ ಸರಿಯಾಗಿ ಇಟ್ಟರೆ ಹಿಂದಿನದೂ ಸರಿಯಾಗುತ್ತದೆ ಎಂಬಂತೆ. ಅರ್ಧ ಗಂಟೆಯಲ್ಲಿ ಒಂದು ಮಗು ಬಂತು. ಕಸ್ತೂರಿ ಗೂಟದಿಂದ ಏಪ್ರನ್ ತೆಗೆದು ಹಾಕಿಕೊಂಡಳು. ನಾನು ಗೋಡೆಗೆ ಒತ್ತಿ ನಿಂತು ಸ್ವಿಚ್ಚು ಒತ್ತಿದೆ.

ಆ ವರ್ಷವೇ ನನ್ನ ಹೆಂಡತಿಗೆ ಬಸಿರು ನಿಂತಿತು. ಮಗಳು ಹುಟ್ಟಿದಳು. ಕಸ್ತೂರಿ ತನ್ನ ತಾಯಿ ಮಾಡಿಕೊಟ್ಟ ಶೇಂಗಾ ಉಂಡೆ ಹಿಡಿದುಕೊಂಡು ನಮ್ಮ ಹಳ್ಳಿಯ ಮನೆಯವರೆಗೂ ಬಂದಳು. "ಕೂಸು ಥೇಟ್ ನಿಮ್ಮಂಗ ಐತ್ರಿ ಸರ. ಮೂಗು ಅಷ್ಟ ಬ್ಯಾರೆ, ಪುಣ್ಯಾ ಮಾಡೇತಿ" ಎಂದಳು. ನಮ್ಮವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನನ್ನ ಮಗುವನ್ನು ಅವಳು ಎತ್ತಿಕೊಂಡಾಗ, ಅಷ್ಟು ದಿನ ನಾನು ಯಾರ ಹಿಂದೆ ನಿಂತಿದ್ದೆ ಎಂಬುದು ಕಣ್ಣಿಗೆ ಹೊಡೆದಂತೆ ಕಂಡಿತು. ಆದರೂ ಮುಂದಿನ ಶನಿವಾರ ಅದೇ ಮಾತು: ಗಟ್ಟಿಯಾಗಿ ಹಿಡ್ಕೋಮ್ಮ, ಅಲ್ಲಾಡ್ಬಾರ್ದು.

ಆಗ ನಮ್ಮಲ್ಲಿಗೆ ಫಿಲ್ಮು ಓದಲು ವಾರಕ್ಕೆರಡು ಸಲ ಹೊರಗಿನಿಂದ ಒಬ್ಬ ಡಾಕ್ಟರಮ್ಮ ಬರತೊಡಗಿದರು. ಒಂದು ಮಗುವಿನ ಎದೆಯ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡುತ್ತಿದ್ದವರು, ಎದೆ ಬಿಟ್ಟು ಅಂಚಿಗೆ ಬೆರಳಿಟ್ಟರು.

"ಇದು ಯಾರ ಕೈ?"

"ಪೇಷೆಂಟ್ ಅಕ್ಕಂದು ಮೇಡಂ."

"ಮೂಳೆ ಇನ್ನೂ ಕೂಡಿಲ್ಲ ನೋಡಿ ಇಲ್ಲಿ, ಗೆರೆ ಕಾಣುತ್ತೆ. ಇದು ಬೆಳೀತಿರೋ ಮಗುವಿನ ಕೈ. ದೊಡ್ಡವರು ಯಾರೂ ಇರ್ಲಿಲ್ವಾ?"

"ಇರ್ಲಿಲ್ಲ ಮೇಡಂ."

ಸ್ವಲ್ಪ ಹೊತ್ತಿಗೆ ಇನ್ನೊಂದು ಫಿಲ್ಮು ಸಿಕ್ಕಿಸಿದರು. ಚಿಕ್ಕಬಾಣಾವರದ ಮಗು. ಅಂಚಿನಲ್ಲಿ ಅದೇ ಬೆರಳುಗಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಈ ಪೇಷೆಂಟಿಗೂ ಅದೇ ಅಕ್ಕನಾ?"

"ಎಲ್ಲ ಮಕ್ಕಳ ಕೈನೂ ಒಂದೇ ಥರ ಕಾಣುತ್ತಲ್ಲ ಮೇಡಂ" ಎಂದೆ. ಅವರು ನನ್ನ ಮುಖ ನೋಡಿ, ಮುಂದಿನ ಫಿಲ್ಮು ಕೇಳಿದರು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನಾನು ಮಾಡಿದ್ದೇನೆಂದರೆ, ಮರುವಾರದಿಂದ ಫಿಲ್ಮು ಒಣಗಿದ ಮೇಲೆ ಕತ್ತರಿ ತೆಗೆದುಕೊಂಡು ಅಂಚು ಕತ್ತರಿಸತೊಡಗಿದೆ. ಕತ್ತಲೆ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅವಳ ಬೆರಳುಗಳನ್ನು ಒಂದೊಂದಾಗಿ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದೆ. ಪೀಟರ್ ಸಾರ್ ಬೆರಳು ಕತ್ತರಿಸಿದ ಡಾಕ್ಟರು ಮಾಡಿದ್ದೂ ಇದೇ ಅಲ್ಲವೇ ಎನಿಸಿ ಕತ್ತರಿ ಕೈಯಿಂದ ಜಾರಿದ್ದು ನೆನಪಿದೆ. ಎತ್ತಿಕೊಂಡು ಮುಂದುವರಿಸಿದೆ.

ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಮುಗಿಸಿ, ಕಸ್ತೂರಿ ಎಕ್ಸ್‌ರೇ ಡಿಪ್ಲೊಮಾಕ್ಕೆ ಸೇರಿದಳು. ಸೇರುವ ದಿನ ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದವಳು ಮತ್ತೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು ಎಂದು ಈರಣ್ಣ ದಾರಿಯಲ್ಲಿ ಸಿಕ್ಕಾಗ ಹೇಳಿದ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಅವಳೇ ಬಂದಳು. ಬಾಗಿಲ ಹೊರಗೇ ನಿಂತಳು, ಒಳಗೆ ಕಾಲಿಡಲಿಲ್ಲ. ಕಾರಣ ನೋಡಿದರೆ ತಿಳಿಯುವಂತಿತ್ತು. ಬಸುರಿ, ಐದಾರು ತಿಂಗಳಿರಬೇಕು.

"ಕೋರ್ಸಿನ್ಯಾಗ ಮೊದಲನೇ ಪಾಠನ ಅದು ಇತ್ರಿ ಸರ. ಟೆಕ್ನಿಷಿಯನ್ ಹಿಡೀಬಾರದು, ಒಬ್ಬರಽ ಮ್ಯಾಲಿಂದ ಮ್ಯಾಲೆ ಹಿಡೀಬಾರದು ಅಂತ. ಆವಾಗಽ ಬಂದು ಕೇಳಬೇಕಂದೆ, ಧೈರ್ಯ ಆಗಲಿಲ್ಲ. ಈಗ ಕೇಳಬೇಕಾಗೇತ್ರಿ. ನಿಮಗ ಗೊತ್ತಿತ್ತೇನ್ರಿ?"

"ಆಗ ಯಾರಿಗೂ ಅಷ್ಟೆಲ್ಲ ಗೊತ್ತಿರ್ಲಿಲ್ಲ ಕಣಮ್ಮ."

"ಏಪ್ರನ್ನರ ಚಲೋ ಇತ್ತಲ್ರಿ?"

ಆ ಮಾತು ಕೇಳುವಾಗ ಅವಳ ಕೈ ಹೊಟ್ಟೆಯ ಮೇಲಿತ್ತು. ಉಗುರು ಕೆಂಪಗೆ, ಚರ್ಮ ನುಣುಪಾಗಿತ್ತು. ಅದನ್ನೇ ಮೊದಲು ನೋಡಿದೆ. ಈಗಲಾದರೂ ಹೇಳು ಎಂದು ಒಳಗೆ ಯಾರೋ ತಳ್ಳುತ್ತಿದ್ದರು. ಹೇಳಿದರೆ ಅವಳು ಹೆದರುತ್ತಾಳೆ, ಬಸುರಿಯನ್ನು ಹೆದರಿಸಬಾರದು ಎಂದು ನೆಪ ಹುಡುಕಿಕೊಂಡೆ.

"ಚೆನ್ನಾಗಿತ್ತು" ಎಂದೆ.

"ಹಂಗಾರ ಬರತೇನ್ರಿ" ಎಂದು ಹೋದಳು.

ಅಂದಿನಿಂದ ಆ ಮಗು ಹುಟ್ಟುವವರೆಗೆ ನಾನು ಪಟ್ಟ ದಿಗಿಲು ನನ್ನ ಸ್ವಂತ ಮಗಳು ಹುಟ್ಟುವಾಗಲೂ ಪಟ್ಟಿರಲಿಲ್ಲ. ಬಾಗಿಲು ಬಡಿದರೆ ಈರಣ್ಣ ಏನೋ ಸುದ್ದಿ ತಂದ ಎಂದು ಎದೆ ಹಾರುತ್ತಿತ್ತು. ಮಕ್ಕಳ ಫಿಲ್ಮು ಒಣಹಾಕುವಾಗ ಅಂಚು ನೋಡಲು ಕಣ್ಣು ಹೆದರುತ್ತಿತ್ತು. ಹಿಡಿದವರು ಬೇರೆ ಯಾರೋ ಎಂದು ಗೊತ್ತಿದ್ದರೂ.

ಕೊನೆಗೆ ಈರಣ್ಣ ಬಂದ. "ಅಕ್ಕನ ಕೂಸಿನ ತೊಟ್ಟಿಲ ಕಾರ್ಯ ಐತ್ರಿ. ನೀವು ಬರಾಕಽ ಬೇಕಂತ" ಎಂದ. "ಮಗು ಹೇಗಿದೆ?" ಎಂದು ಕೇಳಲು ಹೆದರಿದೆ.

ಗಂಗಾನಗರದ ಆ ಎರಡು ಕೋಣೆಯ ಮನೆ ತುಂಬ ಹೆಂಗಸರು. ಜೋಗುಳ ಹಾಡಿ ಮುಗಿದಿತ್ತು. ಕಸ್ತೂರಿ ನನ್ನನ್ನು ಕಂಡು, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಬಂದಳು. ಗಂಡು ಮಗು. ಅಳುತ್ತಾ ಕೈಕಾಲು ಝಾಡಿಸುತ್ತಿತ್ತು. ನನ್ನ ತೋಳಿಗೆ ಹಾಕಿದಳು.

"ಗಟ್ಟಿ ಹಿಡ್ಕೋರಿ ಸರ. ಅಲ್ಲಾಡಬಾರದು."

ನಾನು ಮಗುವಿನ ಬೆರಳು ನೋಡಿದೆ, ಪಾದ ನೋಡಿದೆ, ಮುಖ ನೋಡಿದೆ. ಎಲ್ಲವೂ ಇರುವಂತೆಯೇ ಇತ್ತು.

"ಏಪ್ರನ್ ಸೀಳಿತ್ತು ಕಣಮ್ಮ. ನಂಗೆ ಗೊತ್ತಿತ್ತು."

"ನನಗೂ ಗೊತ್ತಿತ್ರಿ. ಆ ಫಿಲ್ಮು ತೊಳದಾಕಿ ನಾನಽ ಅಲ್ಲೇನ್ರಿ? ಸಣ್ಣಾಕಿ ಇದ್ದೆ, ಆವಾಗ ತಿಳೀಲಿಲ್ಲ. ಕೋರ್ಸಿನ್ಯಾಗ ಅಂಥಾದಽ ಒಂದು ಫಿಲ್ಮು ತೋರಿಸಿದ್ರು. ಅವತ್ತ ರಾತ್ರಿ ನಿದ್ದಿ ಹತ್ತಲಿಲ್ರಿ."

"ಮತ್ತೆ ಯಾಕೆ ಬಂದು ಕೇಳ್ದೆ?"

"ನೀವು ಖರೇ ಹೇಳತೀರೇನೋ ಅಂತ ಬಂದಿದ್ದೆ. ಮನ್ಯಾಗ ಯಾರಿಗೂ ಹೇಳಿಲ್ಲರಿ, ಗಂಡಗೂ ಹೇಳಿಲ್ಲ. ನೀವು ಒಂದು ಮಾತು ಅಂದಿದ್ರ ಒಬ್ಬಾಕೀನಽ ಹೆದರೂದು ತಪ್ಪತಿತ್ರಿ."

ಮಗು ಅಳುತ್ತಲೇ ಇತ್ತು. ಅವಳು ಕೂಡಲೇ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಹಿಡಿದುಕೊಂಡು ನಿಂತೆ. ಆಮೇಲೆ ತನ್ನ ಆಸ್ಪತ್ರೆಯ ವಿಷಯ ಹೇಳಿದಳು: ಅಲ್ಲಿ ಮಗುವನ್ನು ಹಲಗೆಗೆ ಪಟ್ಟಿ ಕಟ್ಟಿ ಮಲಗಿಸುತ್ತಾರೆ, ಆಚೀಚೆ ಮರಳಿನ ಚೀಲ ಇಡುತ್ತಾರೆ, ಯಾರೂ ಹಿಡಿಯುವುದಿಲ್ಲ. "ನಿಮ್ಮಲ್ಲೂ ಮಾಡಸ್ರಿ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಡಾಕ್ಟರ ಬಳಿ ಹೋಗಿ ಏಪ್ರನ್ ವಿಷಯ ಹೇಳಿದೆ. ಅವರು ಬೈದರು, ಅಷ್ಟು ವರ್ಷ ಹೆದರಿದ್ದ ಬೈಗುಳ ಒಂದು ಕಾಫಿ ಕುಡಿಯುವಷ್ಟು ಹೊತ್ತಿನದು. ಹೊಸದು ತರಿಸಿದರು. ಅಲ್ಲಿಂದ ನಮ್ಮ ಹಳ್ಳಿಯ ಬಡಗಿಯ ಹತ್ತಿರ ಹೋದೆ. ಹೀಗೊಂದು ಹಲಗೆ, ಅಂಚು ನುಣುಪಾಗಿರಬೇಕು, ಇಲ್ಲಿ ಎದೆಗೆ ಒಂದು ಪಟ್ಟಿ, ಇಲ್ಲಿ ಕಾಲಿಗೆ ಒಂದು ಎಂದು ನೆಲದ ಮೇಲೆ ಬರೆದು ತೋರಿಸಿದೆ. ಅವನು ಅಲ್ಲೇ ಒಂದು ತುಂಡು ತೆಗೆದು ಉಜ್ಜಲು ಕೂತ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಎತ್ತಿ ಕೈಗೆ ಕೊಡುತ್ತಾ ಕೇಳಿದ:

"ಇಷ್ಟೇಯಾ? ಅಂಗಾರೆ ಇಷ್ಟ್ ದಿನ ಮಕ್ಕಳ್ನ ಯಾರು ಇಡ್ಕತಿದ್ರು?"

ಪೇಷೆಂಟ್ ಅಕ್ಕ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಹಲಗೆಯನ್ನು ಕಂಕುಳಿಗೆ ಸೇರಿಸಿಕೊಂಡೆ.

"ಒಬ್ಬಳು ಹುಡುಗಿ" ಎಂದೆ. "ಕಸ್ತೂರಿ ಅಂತ. ಕೆಲಸ ಕಲಿಯೋಕೆ ಬಂದಿದ್ಳು."